ಕಮಿಟಿಯ ಹಿಂದಿನ ಸಂಜೆ

ಅರವತ್ತೊಂದರ ಚಳಿಗಾಲ. ಯಲಹಂಕದ ಬಸ್ ನಿಲ್ದಾಣದಲ್ಲಿ ಜಟಕಾ ಮಜೀದ್ ಕುದುರೆಗೆ ಹುಲ್ಲು ಹಾಕುತ್ತಿದ್ದ. ಪಕ್ಕದ ಕಲ್ಲುಬೆಂಚಿನಲ್ಲಿ ಪಕ್ಷದ ಇಬ್ಬರು ಕೂತಿದ್ದರು. ಅವರಲ್ಲಿ ಹಿರಿಯ ಹನುಮಯ್ಯನ ತೊಡೆಯ ಮೇಲೆ ಜ್ವರದ ಮೊಮ್ಮಗಳು ನರಳುತ್ತಿದ್ದಳು. ಜಟಕಾದವನಿಗೂ ಕಿವಿಯಿದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ.

“ನಾಳೆ ಕಮಿಟೀಲಿ ಯಾರಿಗೆ ಕೈ ಎತ್ತೀಯೋ ಕದಿರಪ್ಪ?”

“ಎಲೆಕ್ಷನ್ ಟಿಕೆಟ್ಟು ಗಫಾರ್ ಸಾಬ್ರಿಗೆ ಸಲ್ಬೇಕು ಕಣಣ್ಣ. ನಲವತ್ತೆರಡ್ರಲ್ಲಿ ಜೈಲಿಗೋದೋರು ಅವರೊಬ್ರೇ.”

“ಓಗು ಅಂತ ನಾವೇಳಿದ್ವಾ?”

“ಒಳ್ಳೇ ಮನುಷ್ಯ, ಅಣ್ಣ.”

“ಯಾರು ಇಲ್ಲ ಅಂದ್ರು? ಬಾವುಟ ಕಟ್ಟಿ ಕಟ್ಟಿ ಅಂಗೈ ಬೊಬ್ಬೆ ಬಂದಿರೋದು ನಮ್ಗೆ. ಪಾರ್ಟಿ ನಮ್ದು, ಟಿಕೆಟ್ಟೂ ನಮ್ಮೋರಿಗೇ. ದೇವಸ್ತಾನದ ಜಗಲೀಲಿ ಕೂತು ಸಾಬ್ರಿಗೆ ಓಟಾಕಿ ಅಂತ ಎಂಗ್ ಕೇಳ್ಲಿ?”

“ಅಂಗಾದ್ರೆ ನಾನೂ ನಿನ್ ಕಡೇನೇ ಎತ್ತೀನಿ ಬಿಡು.”

ಹುಲ್ಲು ಮಜೀದನ ಹಿಡಿಯಲ್ಲೇ ಉಳಿಯಿತು. ಗಫಾರ್ ಸಾಬರು ಅವನ ಸೋದರಮಾವ.

ಅಷ್ಟರಲ್ಲಿ ಆಜಾನ್ ಕೇಳಿಸಿತು. ಹನುಮಯ್ಯ ಮಗುವನ್ನು ಹೆಗಲಿಗೆ ಹಾಕಿಕೊಂಡು ದಡಬಡನೆ ಎದ್ದ.

“ಬಿರ್ರನೆ ನಡಿಯೋ. ನಮಾಜು ಮುಗಿಯೋವೊತ್ಗೆ ಮಸೀದಿ ಬಾಗ್ಲಲ್ಲಿರ್ಬೇಕು.”

“ಅವಸರ ಯಾಕಣ್ಣ? ಈಚೆ ಬರೋರು ಯಾರು ದುವಾ ಓದಿ ಮಗೂಗೆ ಊದಿದ್ರೂ ಜ್ವರ ಇಳೀತದೆ.”

“ಯಾರ್ಯಾರೋ ಬ್ಯಾಡ,” ಎನ್ನುತ್ತ ಹನುಮಯ್ಯ ಮಸೀದಿಯ ಬೀದಿಗೆ ತಿರುಗಿದ. “ಗಫಾರ್ ಸಾಬ್ರೇ ಊದ್ಬೇಕು. ನಮ್ಮನೆ ಮಕ್ಳಿಗೆ ಅವರುಸಿರೇ ಆಗಿಬರೋದು.”