ಮಗಳ ಟಿಕೆಟ್ಟು

ಪಾಳಿ ಮುಗಿಸಿದ ನರ್ಸು ಬೆಳಗಿನ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಒಬ್ಬರು ಅಜ್ಜಿ, ಜೊತೆಗೆ ಅವರ ಅಳಿಯ. ಮಾತು ಕಿವಿಗೆ ಬಿದ್ದ ಮೇಲೆ ಅವಳ ನಿದ್ದೆ ಹಾರಿಹೋಯಿತು.

“ನಿನ್ನೆಯ ಗದ್ದಲಕ್ಕೆ ಕಿವಿ ಇನ್ನೂ ಗುಂಯ್ ಅಂತಿದೆ, ಅಳಿಯಂದ್ರೆ.”

“ಬೇಜಾರಾಯ್ತಾ ಅತ್ತೆ?”

“ಬೇಜಾರೇನು ಬಂತು! ಆ ರಾಕ್ ಹಾಡುಗಾರ ನನಗಿಂತ ದೊಡ್ಡವನಂತೆ. ಗಿಟಾರು ನೇತುಹಾಕ್ಕೊಂಡು ಹಾಗೆ ಕುಣಿದ್ರೆ ಮಂಡಿ ಏನಾಗಬೇಡ?”

“ಅದಕ್ಕೇ ಕೊನೇ ಹಾಡಿಗೆ ಸ್ಟೂಲ್ ಮೇಲೆ ಕೂತ್ಬಿಟ್ಟ.”

“ಗಂಟಲೂ ಕೈಕೊಡ್ತು ಪಾಪ. ಆಗ ಜನರೇ ಹಾಡಿದ್ರಲ್ಲ, ನಾನೂ ಹಾಡಿದೆ.”

“ಕೇಳಿಸ್ಕೊಂಡೆ. ನಿಮಗೆ ಆ ಹಾಡು ಹೇಗೆ ಬಂತು?”

“ಬರದೆ ಏನು? ಮದುವೆಗೆ ಮುಂಚೆ ನಿಮ್ಮ ಹೆಂಡತಿ ದಿನಾ ಅದನ್ನೇ ಹಾಕ್ತಿದ್ಲು. ಆರಿಸೇ ಮಾರಾಯ್ತಿ ಅಂತ ಬೈತಾ ಬೈತಾನೇ ಕಲಿತುಬಿಟ್ಟೆ.”

ಅಳಿಯ ಜೇಬಿನಿಂದ ನಿನ್ನೆಯ ಟಿಕೆಟ್ಟುಗಳನ್ನು ತೆಗೆದು ನೋಡಿದ.

“ಅವಳು ತೀರಿಹೋದ್ಮೇಲೆ ಅವಳ ಟಿಕೆಟ್ಟು ಯಾರಿಗಾದ್ರೂ ಕೊಟ್ಬಿಡೋಣ ಅಂತಿದ್ದೆ. ಗುರುತಿಲ್ಲದೋರು ಪಕ್ಕದಲ್ಲಿದ್ದಿದ್ರೆ ನನ್ನ ಕೈಲಿ ಕೂರೋಕಾಗ್ತಿರಲಿಲ್ಲ. ನೀವು ಬಂದ್ರಲ್ಲ, ದೊಡ್ಡ ಉಪಕಾರ ಅತ್ತೆ.”

“ಉಪಕಾರ ನಿಮ್ಮದಪ್ಪ. ನನ್ನ ಮಗಳಿಗೆ ಯಾವುದು ಇಷ್ಟವಿತ್ತೋ ಅದನ್ನ ಕಣ್ತುಂಬ ನೋಡಿದೆ.”

ಬಸ್ಸು ಬಂತು. ಅಳಿಯ ಮೊಣಕೈ ಹಿಡಿದು ಹತ್ತಿಸಿದ. ಅಜ್ಜಿ ಮೆಟ್ಟಿಲ ಮೇಲೇ ತಿರುಗಿ ನಿಂತರು.

“ಅವಳ ಕ್ಯಾಸೆಟ್ಟುಗಳೆಲ್ಲ ನಮ್ಮನೇಲೇ ಇವೆ. ಭಾನುವಾರ ಬನ್ನಿ, ಇಬ್ರೂ ಕೂತು ಕೇಳೋಣ.”

ಅವನು ತಲೆಯಾಡಿಸಿ, ಕಣ್ಣೊರೆಸಿಕೊಂಡು ಎದುರು ದಾರಿ ಹಿಡಿದ. ಅದು ತಾನು ಹತ್ತಬೇಕಿದ್ದ ಬಸ್ಸೆಂದು ನರ್ಸಿಗೆ ನೆನಪಾದದ್ದು, ಅದು ತಿರುವು ದಾಟಿದ ಮೇಲೆ.