ಲಕ್ಕಿ ಸೊಪ್ಪು ಸಿಕ್ಕಿಸದ ಬಾಗಿಲು

ಬರ್ಕೊಂಡ್ಯಾ? ಹನ್ನೆರಡು ಮನೆ, ಅರವತ್ತಮೂರು ಜನ... ಮನೆ ಅಂತ ಬರೀಬೇಡ ಮಾರಾಯ್ತಿ, ರೂಮು ಅಂತ ಬರಿ. ಎಸ್ಟೇಟಿನ ಕೂಲಿಯೋರ ಲೈನಿನಲ್ಲಿ ಮನೆ ಎಲ್ಲಿಂದ ಬರ್ಬೇಕು? ಆ ತುದಿಯ ರೂಮಲ್ಲಿ ಒಣಮೆಣಸಿನ ಒಗ್ಗರಣೆ ಹಾಕಿದ್ರೆ ಈ ತುದಿಯಲ್ಲಿ ನಾನು ಸೀನ್ತೀನಿ. ಗಿಡ್ಡಯ್ಯ ಹೆಂಡ್ತಿ ಹತ್ರ ಬೈಸ್ಕೊಂಡ್ರೆ ಲೈನಿನ ಗಂಡಸರೆಲ್ಲ ಸೇರಿ ಬೈಸ್ಕೊಂಡಂಗೆ... ಯಾಕೆ ನಗ್ತೀಯ? ನಗು, ನಗು! ಪವಿತ್ರಾ, ನಿನ್ನ ಅಕ್ಕ ಹೋಗಿ ಮೂರು ತಿಂಗಳಾಯ್ತು, ನಿನ್ನ ಮುಖದಲ್ಲಿ ನಗು ಕಂಡಿದ್ದು ಇವತ್ತೇ.

ಕಾಫಿ ಕುಡಿ, ಆರ್ತದೆ. ಬೆಲ್ಲ ಜಾಸ್ತಿನೇ ಹಾಕಿದೀನಿ.

ನಿಮ್ಮ ಆಸ್ಪತ್ರೆ ಡಾಕ್ಟರು ಕೇಳ್ಕೊಂಡು ಬಾ ಅಂದಿದ್ದೂ ಚೆನ್ನಾಗಿದೆ! ಅದೆಂತದೋ ದೇಶಗಳು ಅಂದ್ಯಲ್ಲ, ಬೆಂಕಿಪೊಟ್ಟಣದಲ್ಲಿ ಕಡ್ಡಿ ತುಂಬಿದಂಗೆ ಜನ ತುಂಬಿದ್ರೂ ಈ ಹಂದಿ ಜ್ವರಕ್ಕೆ ಬಗ್ಗಲಿಲ್ಲ ಅಂತ. ದೇಶದ ಸಮಾಚಾರ ನನಗೆಂತ ಗೊತ್ತು? ನಾನು ಕಂಡಿದ್ದು ಈ ಕಡೆ ಬಾಳೆಹೊನ್ನೂರು, ಆ ಕಡೆ ಶೃಂಗೇರಿ, ಒಂದ್ಸಲ ಕಣ್ಣು ತೋರಿಸೋಕೆ ಕೊಪ್ಪ. ಆದ್ರೆ ನಮ್ಮ ಲೈನೂ ಬೆಂಕಿಪೊಟ್ಟಣವೇ ಅಲ್ವಾ? ಅರವತ್ತಮೂರು ಜನದಲ್ಲಿ ಜ್ವರ ಬಂದಿದ್ದು ನಾಲ್ಕೇ ಜನಕ್ಕೆ. ಸಾಯೋದು ಒಬ್ಬರೂ ಸಾಯ್ಲಿಲ್ಲ. ಗುಡ್ಡದ ಮೇಲೆ ಒಂಟಿ ಮನೆಗಳಿವೆ ನೋಡು, ಒಂದು ಮನೆಗೂ ಇನ್ನೊಂದಕ್ಕೂ ಎರಡು ಹಳ್ಳ ದಾಟ್ಬೇಕು, ಅಲ್ಲೆಲ್ಲ ಮನೆಗೆ ಮನೆಯೇ ಮಲಗಿತ್ತು. ಯಾಕೆ ಅಂತ ನನ್ನ ಕೇಳಿದ್ರೆ... ಒತ್ತಾಗಿರೋ ಕಡೆ ಗುಟ್ಟು ನಿಲ್ಲಲ್ಲ ಮಗಾ. ಅಷ್ಟೇ. ಗೋಡೆ ಇಷ್ಟು ತೆಳು. ನೀನು ಮೊದಲನೇ ಸಲ ಕೆಮ್ಮಿದಾಗಲೇ ಪಕ್ಕದ ರೂಮಿನಿಂದ "ಯಾರೇ ಅದು ಕೆಮ್ಮಿದ್ದು?" ಅಂತ ಕೇಳ್ತದೆ. ಒಂಟಿ ಮನೆಯಲ್ಲಿ ಯಾರು ಕೇಳ್ಬೇಕು? ನಾಯಿ ಕೇಳ್ಬೇಕು.

ಆಮೇಲೆ ಸೊಪ್ಪು. ಇದನ್ನ ಸರಿಯಾಗಿ ಬರ್ಕೋ. ಲಕ್ಕಿ ಸೊಪ್ಪು. ನಮ್ಮತ್ತೆ ಕಾಲದಲ್ಲಿ ಅಮ್ಮ ಎದ್ದಾಗ, ಮೈಮೇಲೆಲ್ಲ ಸಿಡುಬು ಏಳ್ತಿತ್ತಲ್ಲ ಆಗ, ಮನೆ ಬಾಗಿಲಿಗೆ ಒಂದು ಹಿಡಿ ಲಕ್ಕಿ ಸಿಕ್ಕಿಸ್ತಿದ್ರು. ಸೊಪ್ಪು ಕಂಡ ಬಾಗಿಲನ್ನ ಯಾರೂ ದಾಟೋ ಹಾಗಿಲ್ಲ, ಒಳಗಿದ್ದೋರು ಹೊರಗೆ ಬರೋ ಹಾಗಿಲ್ಲ. ಆದ್ರೆ ಕೈಬಿಡೋದಲ್ಲ ಅದು! ಗಂಜಿ ಮಾಡಿ ಹೊಸ್ತಿಲ ಆಚೆ ಇಟ್ಟು ಕೂಗೋದು, ನೀರು ತಂದು ಬಾಗಿಲಲ್ಲಿ ಇಟ್ಟು ಹೋಗೋದು. ಒಂಬತ್ತನೇ ದಿನ ತಲೆಗೆ ನೀರು ಹಾಕ್ಕೊಂಡು ಅವರೇ ಸೊಪ್ಪು ತೆಗೀಬೇಕು. ಈ ಜ್ವರದ ಸುದ್ದಿ ರೇಡಿಯೋದಲ್ಲಿ ಬಂದಿದ್ದೇ ನಾನು ಹೇಳ್ದೆ, ಹಳೇ ಪದ್ಧತಿ ಹೊರಗೆ ತೆಗೀರೋ ಅಂತ. ಎಸ್ಟೇಟಿನ ಲೆಕ್ಕ ಬರೆಯೋ ರೈಟರೂ ಒಪ್ಪಿದ್ರು, ಸೊಪ್ಪು ಇದ್ದ ರೂಮಿನೋರನ್ನ ಕೆಲಸಕ್ಕೆ ಕರೀಲಿಲ್ಲ. ಸಿಕ್ಕಿಸೋಳು ಯಾರು? ನಾನೇ. ಈಗ ಮಕ್ಕಳು ನನ್ನ ಗುಡ್ಡಮ್ಮಜ್ಜಿ ಅನ್ನಲ್ಲ, ಸೊಪ್ಪಜ್ಜಿ ಅಂತವೆ.

ಮೊದಲು ಒಪ್ಪಿದ್ರು ಅಂದ್ಕೊಂಡ್ಯಾ? ಹಂದಿ ಜ್ವರ ಅಂದ್ರೆ ಹಂದಿ ತಿಂದೋರಿಗೆ ಬರ್ತದೆ ಅಂತ ಎಲ್ಲರೂ ಗಿಡ್ಡಯ್ಯನ ಮೇಲೆ ಬಿದ್ರು! ಅವನು ಕಾಡುಹಂದಿ ಅಂದ್ರೆ ಪ್ರಾಣ ಬಿಡ್ತಾನೆ. ಪಾಪ, ಹೆದರಿ ಮಾಂಸ ಬೇಯಿಸೋ ಮಡಕೆಯನ್ನೇ ಬಾಳೆಬುಡದಲ್ಲಿ ಹೂತುಬಂದ. ಬಂದಿದ್ದು ಯಾರಿಗೆ? ನಮ್ಮ ಲೈನಿನ ಕೊರಗನಿಗೆ! ಹಂದಿ ಇರ್ಲಿ, ಮೊಟ್ಟೆ ಕಂಡ್ರೆ ಮುಖ ತಿರುಗಿಸ್ತಾನೆ ಅವನು, ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದ. ಕೊಪ್ಪದಲ್ಲಿ ಯಾವುದೋ ಮದುವೆಗೆ ಹೋಗಿಬಂದು ಮೂರನೇ ದಿನಕ್ಕೆ ಮಲಗಿದ. ನಾನು ಸೊಪ್ಪು ಹಿಡ್ಕೊಂಡು ಹೋದ್ರೆ ಕಣ್ಣಲ್ಲಿ ನೀರು ಹಾಕ್ತಾನೆ. "ಅಜ್ಜೀ, ಹಂದಿ ತಿಂದಿಲ್ಲ ಅಜ್ಜೀ, ಸೊಪ್ಪು ಬೇಡ, ಮರ್ಯಾದೆ ಹೋಗ್ತದೆ." ನಾನು ಬೈದೆ. "ಮರ್ಯಾದೆ ಹೋದ್ರೆ ಬರ್ತದೆ ಕಣೋ, ಜೀವ ಬರ್ತದಾ? ಹಂದಿಗೂ ಇದಕ್ಕೂ ಸಂಬಂಧ ಇಲ್ಲ, ಉಸಿರಿಂದ ಉಸಿರಿಗೆ ಹೋಗ್ತದೆ" ಅಂದೆ. ನಿನ್ನ ಬಾಯಿಂದ ಕಲಿತ ಮಾತೇ ಅದು. ಬರೀ, ಬರೀ, ಅದನ್ನೂ ಬರೀ.

ನನ್ನ ಬಾಗಿಲಿಗಾ?

ಇಲ್ಲ ಮಗಾ. ನನ್ನ ಬಾಗಿಲಿಗೆ ಸೊಪ್ಪು ಸಿಕ್ಕಿಸಿದ್ದಿಲ್ಲ. ನನಗೆಂತ ಆಗ್ಬೇಕು, ಗಟ್ಟಿ ಜೀವ. ಒಂದು ವಾರ ಮಂಡಿ ನೋವು ಅಂತ ಬಿದ್ಕೊಂಡಿದ್ದೆ, ಅಷ್ಟೇ. ಗಣಪತಿ ಹಬ್ಬ ಕಳೆದ ಮೇಲೆ. ಕೊಳಾಯಿ ಹತ್ರನೂ ಹೋಗ್ಲಿಲ್ಲ, ಲೈನಿನ ಭೈರಮ್ಮನೇ ನೀರು ತಂದು ಬಾಗಿಲಲ್ಲಿ ಇಟ್ಟು ಹೋಗ್ತಿದ್ಲು...

ಎಂತಕ್ಕೆ ಪೆನ್ನು ನಿಲ್ಸಿದೆ?

ಮಂಡಿ ನೋವು ಅಂದ್ನಲ್ಲ. ವಯಸ್ಸಾಯ್ತು, ಬರ್ತದೆ. ಬಾಗಿಲಲ್ಲಿ ಇಡು ಅಂತ ನಾನೇ ಅಂದಿದ್ದೆ, ರೂಮೊಳಗೆ ಜಾಗ ಎಲ್ಲಿದೆ? ನನ್ನದು ಕೊನೇ ರೂಮು, ಪಕ್ಕದಲ್ಲಿ ಸೌದೆ ಕೊಟ್ಟಿಗೆ. ಕೆಮ್ಮಿದ್ರೂ ಕೇಳೋದು ಸೌದೆಗೇ... ಅಲ್ಲ, ಕೆಮ್ಮಿಲ್ಲ ನಾನು. ಮಾತಿಗೆ ಅಂದೆ.

ಆ ಪುಸ್ತಕ ಯಾಕೆ ಹಿಂದಕ್ಕೆ ತಿರುಗಿಸ್ತೀಯ? ಏನಿದೆ ಅಲ್ಲಿ? ನನಗೆ ಓದೋಕೆ ಬರಲ್ಲ ಅಂತ ಗೊತ್ತಲ್ಲ ನಿನಗೆ, ಬೆರಳಿಟ್ಟು ತೋರಿಸಿದ್ರೆ ಎಂತ ತಿಳೀತದೆ? ಬಾಯಲ್ಲಿ ಹೇಳು.

...ನಿನ್ನ ಅಕ್ಕ ಮೂಕಾಂಬಿಕಾ ಹೆಸರಾ ಅದು?

ಹೌದು. ಹಬ್ಬ ಕಳೆದ ಮೂರನೇ ದಿನ ಹೆತ್ತಳು. ಗೊತ್ತು. ಹೆತ್ತ ಐದನೇ ದಿನದಿಂದ ನಾನು ಅವಳ ಗಂಡನ ಮನೆಗೆ, ಕಡಹಿನಬೈಲಿಗೆ, ದಿನಾ ಹೋಗಿಬಂದೆ, ಅವಳಿಗೂ ಮಗುವಿಗೂ ನೀರೆರೆಯೋಕೆ. ಗೊತ್ತು ಮಗಾ. ಮಂಡಿ ನೋವಿದ್ದೋಳು ಎರಡು ಬಸ್ಸು ಹತ್ತಿ, ಗದ್ದೆ ಬದುವಿನ ಮೇಲೆ ಅಷ್ಟು ದೂರ ಹೆಂಗೆ ನಡೆದಳು ಅಂತ ನೋಡ್ತಿದೀಯ.

ಕಾಫಿ ಮುಟ್ಟೇ ಇಲ್ಲ ನೀನು.

ನೋಡು, ತವರಲ್ಲಿ ತಾಯಿ ಇಲ್ಲದ ಹುಡುಗಿ. ನಿಮ್ಮಮ್ಮನಿಗೆ ಎರಡು ಬಾಣಂತನದಲ್ಲೂ ಎರೆದೋಳು ನಾನು. ನಿನ್ನ ಈ ಮೂಗನ್ನ ತಿದ್ದಿ ತಿದ್ದಿ ಇಷ್ಟು ನೆಟ್ಟಗೆ ಮಾಡಿದ್ದು ಈ ಕೈ. ಮೂಕಾಂಬಿಕಾ ತುಂಬು ಬಸುರಿಯಾಗಿದ್ದಾಗಲೇ ಹೇಳಿ ಕಳಿಸಿದ್ಲು, "ಗುಡ್ಡಮ್ಮಜ್ಜಿ ಕೈಯೇ ಆಗ್ಬೇಕು" ಅಂತ. ಹೋಗದೆ ಇರ್ಲಾ? ಮೈ ಬೆಚ್ಚಗಿತ್ತು, ಸ್ವಲ್ಪ. ಹಂದಿ ಜ್ವರ ಅಂತ ನನಗೆಂತ ಗೊತ್ತು? ನಾನು ಹಂದಿ ಮುಟ್ಟಿ ಹತ್ತು ವರ್ಷ ಆಯ್ತು. ಹಂದಿ ತಿಂದೋರಿಗೆ ಬರೋದು ಅಂತ ಅಂದ್ಕೊಂಡಿದ್ದೆ, ಓದು ಬರಹ ಇಲ್ಲದೋಳು...

ಹಾಗೆ ನೋಡ್ಬೇಡ ಪವಿತ್ರಾ.

ಹಾಗೆ ನೋಡ್ಬೇಡವೇ.

...ಕೊರಗನ ಕಥೆ ಈಗ ನಾನೇ ಹೇಳಿದೆ, ಅಲ್ವಾ.

ನನ್ನ ಬಾಯೇ ನನ್ನ ಹಿಡ್ಕೊಂಡ್ತು.

ಕೊರಗ ಮಲಗಿದ್ದು ಹಬ್ಬಕ್ಕೆ ಮುಂಚೆ. ಗೊತ್ತಿತ್ತು ನನಗೆ. ನೀರೆರೆಯೋಕೆ ಹೊರಡೋ ದಿನ ಬೆಳಿಗ್ಗೆ ಎದ್ದಾಗ ಕಣ್ಣು ಉರೀತಿತ್ತು, ಮೈಯೆಲ್ಲ ಒನಕೆಯಲ್ಲಿ ಕುಟ್ಟಿದಂಗೆ ಇತ್ತು. ಅದೇ ಅಂತ ಗೊತ್ತಾಯ್ತು. ಕೊಟ್ಟಿಗೆ ಹಿಂದೆ ಲಕ್ಕಿ ಗಿಡ ಇದೆಯಲ್ಲ, ಹೋಗಿ ಒಂದು ಹಿಡಿ ಮುರಿದೂ ಮುರಿದೆ. ಬಾಗಿಲ ತನಕ ತಂದೆ. ಲೈನಿನ ಕಣ್ಣೆಲ್ಲ ನನ್ನ ಬಾಗಿಲ ಮೇಲೆ ಬೀಳ್ತದೆ ಅನ್ನಿಸ್ತು. ಎಲ್ಲರ ಬಾಗಿಲಿಗೂ ಸಿಕ್ಕಿಸಿದ ಸೊಪ್ಪಜ್ಜಿಗೇ ಬಂತಾ ಅಂತ ಗಿಡ್ಡಯ್ಯ ನಗ್ತಾನೆ. ಅದೂ ತಡ್ಕೋತಿದ್ದೆ ಮಗಾ. ಸೊಪ್ಪು ಕಂಡ್ರೆ ಕಡಹಿನಬೈಲಿಗೆ ಎರೆಯೋಕೆ ನನ್ನ ಬದಲು ಭೈರಮ್ಮನ್ನ ಕಳಿಸ್ತಾರೆ. ಮೂಕಾಂಬಿಕಾಳ ಮಗುವಿಗೆ ಭೈರಮ್ಮ ನೀರೆರೀತಾಳೆ... ಅದನ್ನ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಕೆಮ್ಮಿದೆ. ಸೊಪ್ಪನ್ನ ಒಲೆಗೆ ಹಾಕಿದೆ.

ಲೈನಿನೋರನ್ನ ಕಾಪಾಡಿದೆ, ಅದು ಸುಳ್ಳಲ್ಲ. ಕೊಳಾಯಿಗೆ ಹೋಗ್ಲಿಲ್ಲ, ಯಾರ ಮಕ್ಕಳನ್ನೂ ಎತ್ತಲಿಲ್ಲ. ಇಲ್ಲಿ ದೂರ ನಿಂತೋಳು ಅಲ್ಲಿಗೆ ಹೋಗಿ ಹಸಿ ಬಾಣಂತಿಯನ್ನ ಮುಟ್ಟಿದೆ. ಮೂರು ದಿನ.

ಅತ್ತುಬಿಡು. ಇಲ್ಲಾಂದ್ರೆ ಬೈದುಬಿಡು.

ನೀನು ಏಳನೇ ದಿನ ಆಸ್ಪತ್ರೆ ಕೆಲಸ ಮುಗಿಸ್ಕೊಂಡು ಮಗು ನೋಡೋಕೆ ಬಂದೆ. ಒಂದು ಗಳಿಗೆ ಕೂತಿದ್ದೆ ಅಷ್ಟೇ. ಅದರ ಮಾರನೇ ದಿನ ಅವಳು ಮಲಗಿದ್ಲು. ಜಯದೇವಪ್ಪ, ನಿನ್ನ ಅಕ್ಕನ ಮಾವ, "ಆಸ್ಪತ್ರೆ ಹುಡುಗಿಯೇ ತಂದು ಹಾಕಿದ್ಲು" ಅಂದ್ರು. ಸುತ್ತ ಒಂದು ಮೈಲಿ ಮನೆ ಇಲ್ಲ, ಹೊರಗಿಂದ ಬಂದೋರು ಇನ್ಯಾರು ಅಂದ್ರು. ನಾನು ಅಲ್ಲೇ ಇದ್ದೆ ಪವಿತ್ರಾ! ಬಚ್ಚಲ ಬಾಗಿಲಲ್ಲಿ ಹಂಡೆ ತೊಳೀತಾ ಇದ್ದೆ. ಹೊರಗಿಂದ ಬಂದೋಳು ನಾನೂ ಅಲ್ವಾ? ನನ್ನ ಹೆಸರು ಯಾರ ಬಾಯಲ್ಲೂ ಬರ್ಲಿಲ್ಲ. ಎರೆಯೋ ಅಜ್ಜಿ ಅಂದ್ರೆ ಮನೆಯೋಳೇ ಅಂತ ಲೆಕ್ಕ. ಹಂಡೆ ತೊಳೆದೆ, ಬೋರಲು ಹಾಕಿದೆ, ಸುಮ್ಮನಿದ್ದೆ.

ಅವಳ ಹನ್ನೊಂದನೇ ದಿನದ ಕಾರ್ಯಕ್ಕೆ ನಿನ್ನನ್ನ ಅಂಗಳದಲ್ಲೇ ನಿಲ್ಲಿಸಿದ್ರಲ್ಲ, ಆವತ್ತು ಒಳಗೆ ನನಗೆ ಎಲೆ ಹಾಕಿದ್ರು. ಎರಡನೇ ಸಲ ಪಾಯಸ ಬಡಿಸಿದ್ರು. ತಿಂದೆ ಕಣೇ. ಗಂಟಲಲ್ಲಿ ಇಳೀತು. ಅದಕ್ಕಿಂತ ಏನು ಹೇಳ್ಲಿ ನಿನಗೆ?

ನೀನು ಆ ಮಗೂನ ಇವತ್ತಿನ ತನಕ ಎತ್ಕೊಂಡಿಲ್ಲ. "ನನ್ನ ಕೈ ಬೇಡಜ್ಜೀ, ನನ್ನ ಕೈಯಲ್ಲಿ ಆಸ್ಪತ್ರೆ ಇದೆ" ಅಂತ ಬಸ್‌ ಸ್ಟಾಂಡಲ್ಲಿ ಅತ್ತೆ ನನ್ನ ಹತ್ರ. ನಾನು ನಿನ್ನ ಬೆನ್ನು ಸವರಿದೆ. ದೇವರ ಇಚ್ಛೆ ಮಗಾ ಅಂದೆ. ದೇವರ ಹೆಸರು ಎಷ್ಟು ಬೇಗ ಬಂತು ನೋಡು ನನ್ನ ಬಾಯಿಗೆ.

ಎಂತ? ಏನಂದೆ? ಜೋರಾಗಿ ಹೇಳು...

ಅವಳಿಗೆ ಗೊತ್ತಾಗ್ಲಿಲ್ವಾ ಅಂತನಾ.

ಅದನ್ನ ಕೇಳ್ಬಾರದಿತ್ತು ನೀನು. ಹೇಳ್ತೀನಿ. ಇಷ್ಟು ಹೇಳಿದ ಮೇಲೆ ಅದನ್ನ ಇಟ್ಕೊಂಡು ಎಂತ ಮಾಡ್ಲಿ?

ಎರಡನೇ ದಿನ. ಮಣೆ ಮೇಲೆ ಕೂರಿಸಿ ಬೆನ್ನಿಗೆ ಎಣ್ಣೆ ಹಚ್ತಾ ಇದ್ದೆ. ಕಣ್ಣು ಮುಚ್ಕೊಂಡು ಕೂತಿದ್ಲು ಹುಡುಗಿ. "ಅಜ್ಜೀ, ನಿಮ್ಮ ಕೈ ಎಷ್ಟು ಬೆಚ್ಚಗಿದೆ" ಅಂದ್ಲು. ಆಗ ಎದ್ದು ಹೋಗ್ಬಹುದಿತ್ತು. ಬಾಗಿಲು ಅಲ್ಲೇ ಇತ್ತು. "ಒಲೆ ಮುಂದೆ ಕೂತಿದ್ದೆ ಮಗಾ, ಅದಕ್ಕೇ" ಅಂದೆ. "ಹಿತವಾಗಿದೆ ಅಜ್ಜೀ, ಇನ್ನೂ ಸ್ವಲ್ಪ ಹೊತ್ತು ಕೈ ಅಲ್ಲೇ ಇಡಿ" ಅಂದ್ಲು.

ಇಟ್ಟೆ.

...

ಬರ್ಕೋ ಪವಿತ್ರಾ. ಬಾಗಿಲಿಗೆ ಸೊಪ್ಪು ಇದ್ದ ನಾಲ್ಕು ರೂಮು ಬರ್ದಿದೀಯಲ್ಲ, ಸೊಪ್ಪು ಇಲ್ಲದ ಒಂದನ್ನೂ ಬರಿ. ಡಾಕ್ಟರು ಓದ್ಲಿ. ಲೈನಿನೋರೂ ತಿಳ್ಕೊಳ್ಲಿ. ಆದ್ರೆ ಜಯದೇವಪ್ಪನೋರು ನಿನ್ನ ಪುಸ್ತಕ ಓದಲ್ಲ. ಅವರಿಗೆ ಬಾಯಲ್ಲೇ ಹೇಳ್ಬೇಕು, ನಾನೇ ಹೇಳ್ಬೇಕು. ನೀನು ಹೇಳಿದ್ರೆ ತಪ್ಪು ಮುಚ್ಕೊಳ್ಳೋಕೆ ಮುದುಕಿ ಮೇಲೆ ಹಾಕ್ತಿದಾಳೆ ಅಂತಾರೆ.

ಏಳು. ಕಡಹಿನಬೈಲಿಗೆ ಹೋಗೋಣ, ಎನ್.ಆರ್. ಪುರದ ಬಸ್ಸು ಬರೋ ಹೊತ್ತಾಯ್ತು. ನನಗೆ ಸೀರೆ ಬದಲಾಯಿಸೋದೂ ಬೇಡ, ಹೀಗೇ ಬರ್ತೀನಿ.

ಬಸ್ಸಲ್ಲಿ ನನ್ನ ಪಕ್ಕ ಕೂರ್ಬೇಡ, ಹಿಂದಿನ ಸೀಟಲ್ಲಿ ಕೂತ್ಕೋ. ಮಾತಾಡ್ಬೇಡ. ಆದ್ರೆ ಬಾ. ನಾನು ಹೇಳೋವಾಗ ಮಗು ನಿನ್ನ ತೋಳಲ್ಲಿರ್ಬೇಕು.