ಮೊದಲ ಹಾರಾಟ ಹೇಗಿತ್ತು?

ಫರೀದಾಬಾದಿನ ಬಸ್ ಸ್ಟಾಪಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಧನ್ಯಾ ತನ್ನ ಬಸ್ಸು ಬಂದರೂ ಹತ್ತದೆ ನಿಂತಳು. ಬೆಂಚಿನ ಮೇಲೆ ವಯಸ್ಸಾದ ದಂಪತಿ. ಗಂಡನ ಮಡಿಲಲ್ಲಿ ಹೊಸ ಬಣ್ಣದ ಪುಟ್ಟ ವಿಮಾನ.

“ಎರಡು ವರ್ಷ ಕೂತು ಕಟ್ಟಿದ್ರಿ. ಮೊದಲನೇ ಸಲ ಹಾರಿಸೋವಾಗ ರಿಮೋಟ್ ಯಾಕೆ ಪಕ್ಕದ ಮನೆ ಸಂದೀಪನ ಕೈಗೆ ಕೊಟ್ರಿ?”

“ಮೇಲೇರಿದ ಮೇಲೆ ನನ್ನ ಕಣ್ಣಿಗೆ ಕಾಣಲೇ ಇಲ್ಲ, ಸರಳಾ. ಬರೀ ಸದ್ದು ಕೇಳ್ತಿತ್ತು.”

“ಅಯ್ಯೋ, ನನಗಾದ್ರೂ ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಆಕಾಶ ಬಿಟ್ಟು ನನ್ನ ಮುಖ ನೋಡ್ತಿದ್ದೆ. ಚೆನ್ನಾಗಿ ಹಾರಿತಾ?”

“ಬೇವಿನ ಮರದ ಮೇಲಿಂದ ಬಾಗಿ ತಿರುಗ್ತು. ರೆಕ್ಕೆ ಬಿಸಿಲಿಗೆ ಹೊಳೀತು.”

“ಯಾವ ಕಡೆಗೆ ಬಾಗ್ತು?”

“ಎಡಕ್ಕೆ.”

ಗಂಡ ಕಣ್ಣು ಮುಚ್ಚಿ, ಅಂಗೈಯನ್ನು ಮೆಲ್ಲಗೆ ಎಡಕ್ಕೆ ವಾಲಿಸಿದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಸರಳಾ ವಿಮಾನವನ್ನು ಎದೆಗವಚಿಕೊಂಡು ಹತ್ತಿದರು. ಹಿಂದೆಯೇ ಹತ್ತುತ್ತ ಗಂಡ ಕೇಳಿದ್ದು ಧನ್ಯಾಳಿಗೆ ಕೇಳಿಸಿತು:

“ಇಳಿಯೋವಾಗ ಹೇಗಿತ್ತು? ಅದನ್ನೂ ಹೇಳು.”